ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಕಾಣದ ತಾತ

ನಮ್ಮ ಕಡೆ ಯಾವ ಊರಿನ ಸರ್ಕಲ್ಲಿನಲ್ಲಿ ನಿಂತರೂ ಒಂದಾದರೂ ಶ್ರದ್ಧಾಂಜಲಿ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಹೆಸರು, ಹುಟ್ಟಿದ್ದು, ತೀರಿಕೊಂಡದ್ದು, ‘ಸರಳ ಸಜ್ಜನಿಕೆಯ ಮೂರ್ತಿ’, ‘ಮತ್ತೆ ಹುಟ್ಟಿ ಬನ್ನಿ’, ಕೆಳಗೆ ಮಕ್ಕಳು ಮೊಮ್ಮಕ್ಕಳ ಸಾಲು ಫೋಟೊ. ಹೆಸರೊಂದನ್ನು ಬದಲಿಸಿದರೆ ಅದೇ ಫ್ಲೆಕ್ಸು ಪಕ್ಕದ ಓಣಿಯವರಿಗೂ ನಡೆಯುತ್ತದೆ. ತೊಂಬತ್ತು ವರ್ಷ ಬಾಳಿ, ನಾಲ್ಕೆಂಟು ಮಕ್ಕಳನ್ನು ದಡ ಹತ್ತಿಸಿ, ಗರಡಿಯಲ್ಲಿ ಹೆಸರು ಮಾಡಿ ಹೋದ ಮನುಷ್ಯನಿಗೆ ಇಷ್ಟೇನಾ? ಫೇಸ್‌ಬುಕ್ಕಿನಲ್ಲಿ ಬರೆಯುವವರೂ ಇದೇ ಮಾತುಗಳನ್ನು ಬಳಸುತ್ತಾರೆ. ಪ್ರೀತಿ ಕಡಿಮೆ ಅಂತಲ್ಲ. ಏನು ಬರೆಯಬೇಕು, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಹಾಗಾಗುತ್ತದೆ. ತಾತನ ಬದುಕನ್ನು ಬರೆದಿಡುವುದಕ್ಕೆ ಸಾಹಿತ್ಯ ಬೇಕಿಲ್ಲ, ವಿವರ ಬೇಕು. ಆ ವಿವರ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಎಲ್ಲೆಲ್ಲಿ ಸಿಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಅಂತ ಹೇಳುವುದಕ್ಕೇ ಈ ಬರಹ.

ಮೊದಲು ಹುಟ್ಟಿದ ತಾರೀಖು. ಆಧಾರಿನಲ್ಲಿ ಜೂನ್ 1 ಅಂತ ಇದ್ದರೆ ಅದನ್ನು ನಂಬಬೇಡಿ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರು ಹಾಕಿದ ತಾರೀಖು ಅದು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸಿ, ಮುಟ್ಟಿದರೆ ಆರು ವರ್ಷ ಅಂತ ಲೆಕ್ಕ ಹಿಡಿದು, ಶಾಲೆ ಶುರುವಾಗುವ ತಿಂಗಳನ್ನೇ ಹುಟ್ಟಿದ ತಿಂಗಳು ಮಾಡಿಬಿಡುತ್ತಿದ್ದರು. ತಡವಾಗಿ ಶಾಲೆ ಸೇರಿದ ಹುಡುಗನ ವಯಸ್ಸು ಎರಡು ಮೂರು ವರ್ಷ ಕಡಿಮೆ ಬಿದ್ದಿರುವುದೂ ಉಂಟು. ಶಾಲೆಗೇ ಹೋಗದವರದ್ದು ಇನ್ನೂ ಅಂದಾಜು.

ಸರಿಯಾದ ವರ್ಷ ಹಿಡಿಯಲು ದೊಡ್ಡ ಘಟನೆಗಳ ಗೂಟಕ್ಕೆ ಕಟ್ಟಬೇಕು. ‘ತಾತ, ನಿಮಗೆ ಆಗ ಎಷ್ಟು ವಯಸ್ಸು?’ ಅಂತ ಕೇಳಿದರೆ ‘ಯಾರಿಗೆ ಗೊತ್ತಪ್ಪ’ ಅಂತಾರೆ. ‘ರಜಾಕಾರರ ಗದ್ದಲದಾಗ ನೀವು ನಡಕೊಂಡು ಹೋದ್ರಾ, ನಿಮ್ಮನ್ನ ಹೊತ್ಕೊಂಡು ಹೋದ್ರಾ?’ ಅಂತ ಕೇಳಿ ನೋಡಿ, ಥಟ್ಟನೆ ಉತ್ತರ ಬರುತ್ತದೆ. ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿಗೆ ಜನ ಊರು ಬಿಟ್ಟದ್ದು 1947–48ರಲ್ಲಿ. ನಡೆದು ಹೋಗಿದ್ದರೆ ಐದಾರು ವರ್ಷದ ಮೇಲೆ, ಹೊತ್ತುಕೊಂಡು ಹೋಗಿದ್ದರೆ ಮೂರರೊಳಗೆ. ಹಾಗೆಯೇ ತುಂಗಭದ್ರಾ ಡ್ಯಾಮಿನಲ್ಲಿ ನೀರು ನಿಂತದ್ದು 1953, ಎಪ್ಪತ್ತೆರಡರ ಬರ, 2009ರ ಅಕ್ಟೋಬರಿನ ನೆರೆ. ಸಂವತ್ಸರದ ಹೆಸರು ನೆನಪಿರುವ ಹಿರಿಯರಿದ್ದರೆ ಇನ್ನೂ ಒಳ್ಳೆಯದು: ಸರ್ವಧಾರಿ ಅಂದರೆ 1948ರ ಯುಗಾದಿಯಿಂದ, ವಿಜಯ ಅಂದರೆ 1953ರಿಂದ, ದುರ್ಮುಖಿ ಅಂದರೆ 1956ರಿಂದ. ತಿಂಗಳು ಬೇಕಾದರೆ ಜಾತ್ರೆ ಕೇಳಿ. ಕೊಪ್ಪಳದ ಗವಿಮಠದ ಜಾತ್ರೆಯ ಮರುವಾರ ಹುಟ್ಟಿದ್ದು ಅಂದರೆ ಅದು ಪುಷ್ಯ ಮಾಸದ ಆಸುಪಾಸು.

ನಮ್ಮ ಹಿರಿಯರ ಬದುಕಿನಲ್ಲಿ ಸರ್ಕಾರಗಳೇ ಬದಲಾಗಿವೆ, ಇದನ್ನು ಮರೆತರೆ ಕಾಗದಗಳು ಅರ್ಥವಾಗುವುದಿಲ್ಲ. ರಾಯಚೂರು, ಕೊಪ್ಪಳದವರು ಹುಟ್ಟಿದ್ದು ನಿಜಾಮನ ರಾಜ್ಯದಲ್ಲಿ; 1948ರ ಸೆಪ್ಟೆಂಬರ್ 17ರ ನಂತರ ಭಾರತದವರು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದವರು, 1973ಕ್ಕೆ ಕರ್ನಾಟಕದವರು. ಕೊಪ್ಪಳದವರಿಗೆ 1997ರಲ್ಲಿ ಜಿಲ್ಲೆಯೂ ಬೇರೆಯಾಯಿತು. ಬಳ್ಳಾರಿಯವರು ಹುಟ್ಟಿದ್ದು ಮದ್ರಾಸ್ ಪ್ರಾಂತದಲ್ಲಿ. ಆಂಧ್ರ ಬೇರೆಯಾದ 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಬಂತು; ಆದೋನಿ, ಆಲೂರು, ರಾಯದುರ್ಗ ಅತ್ತ ಉಳಿದವು. ಹೆಣ್ಣು ಕೊಟ್ಟು ತಂದ ಮನೆಗಳು ಒಂದೇ ದಿನದಲ್ಲಿ ಬೇರೆ ಬೇರೆ ರಾಜ್ಯಕ್ಕೆ ಹೋದದ್ದು ಹಾಗೆ. ಮನೆ ಬಿಟ್ಟು ಕದಲದೆಯೇ ಇಷ್ಟು ರಾಜ್ಯ ಕಂಡವರ ಬಗ್ಗೆ ‘ಸರಳ ಜೀವನ’ ಅಂತ ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಅನ್ಯಾಯ ಅನಿಸುತ್ತದೆ.

ಟ್ರಂಕಿನ ತಳದಲ್ಲಿ ಉರ್ದು ಕಾಗದ ಸಿಕ್ಕರೆ ಎಸೆಯಬೇಡಿ. ನಿಜಾಮನ ಕಾಲದ ದಫ್ತರ ಬಹುಪಾಲು ಉರ್ದುವಿನಲ್ಲೇ ಇತ್ತು, ವರ್ಷವನ್ನು ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದ ಲೆಕ್ಕದಲ್ಲಿ ಬರೆಯುತ್ತಿದ್ದರು. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ. ಫಸಲಿ 1358 ಅಂದರೆ 1948ರಲ್ಲಿ ಶುರುವಾದ ವರ್ಷ. ಹೈದರಾಬಾದಿನ ಫಸಲಿ ಅಕ್ಟೋಬರಿನಲ್ಲಿ ‘ಆಜೂರ್’ ತಿಂಗಳಿಂದ ಶುರು, ಮದ್ರಾಸ್ ಕಡೆಯ ಫಸಲಿ ಜುಲೈಯಿಂದ ಶುರು. ಇದು ಗೊತ್ತಿಲ್ಲದೆ ಲೆಕ್ಕ ಹಾಕಿದರೆ ಒಂದು ವರ್ಷ ಹಿಂದೆ ಮುಂದೆ ಆಗುತ್ತದೆ. ಇನ್ನೊಂದು ತೊಡಕು ಕೈಬರಹದ್ದು. ಹಳೆಯ ಕಂದಾಯದ ಕಾಗದಗಳು ‘ಶಿಕಸ್ತಾ’ ಅನ್ನುವ ಅವಸರದ ಬರಹದಲ್ಲಿರುತ್ತವೆ. ಚುಕ್ಕೆಗಳೇ ಇರುವುದಿಲ್ಲ, ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅಚ್ಚಿನ ಉರ್ದು ಓದುವವರಿಗೆಲ್ಲ ಅದು ಬರುವುದಿಲ್ಲ. ತಾಲೂಕು ಕಚೇರಿಯ ಸುತ್ತಮುತ್ತ ಹಳೆಯ ಅರ್ಜಿ ಬರಹಗಾರರು, ನಿವೃತ್ತ ಉರ್ದು ಮಾಸ್ತರರು ಇನ್ನೂ ಅಲ್ಲಲ್ಲಿ ಇದ್ದಾರೆ, ಅವರನ್ನು ಹಿಡಿಯಿರಿ. ಹೈದರಾಬಾದ್ ಸಂಸ್ಥಾನದ ಹಳ್ಳಿಯಾದರೆ 1954–55ರ ಖಾಸ್ರಾ ಪಹಣಿಯ ನಕಲು ತೆಗೆಸಿ ನೋಡಿ. ಆಗ ಹೊಲದಲ್ಲಿ ನಿಜವಾಗಿ ಉಳುತ್ತಿದ್ದವರು ಯಾರು ಅನ್ನುವುದು ಅದರಲ್ಲಿ ಸಿಗುತ್ತದೆ.

ಸಂಬಳದ ಮಾತು ಬಂದಾಗಲೂ ಎಚ್ಚರ. ‘ಮೊದಲ ಪಗಾರ ಇಪ್ಪತ್ತೊಂದು ರೂಪಾಯಿ’ ಅಂದರೆ ಯಾವ ರೂಪಾಯಿ ಅಂತ ಕೇಳಬೇಕು. ನಿಜಾಮನ ರೂಪಾಯಿಯಾದ ಹಾಲಿ ಸಿಕ್ಕಾ 7 ಕೊಟ್ಟರೆ ಬ್ರಿಟಿಷರ ರೂಪಾಯಿಯಾದ ಕಲ್ದಾರ್ 6 ಸಿಗುತ್ತಿತ್ತು. ಅಂದರೆ ಹಾಲಿ ಇಪ್ಪತ್ತೊಂದು ಕಲ್ದಾರಿನಲ್ಲಿ ಹದಿನೆಂಟು. 1957ರ ಏಪ್ರಿಲ್ 1ರ ತನಕ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆ ಪಗಾರಕ್ಕೆ ಎಷ್ಟು ಸೇರು ಜೋಳ ಬರುತ್ತಿತ್ತು ಅಂತ ಕೇಳಿ ಬರೆದುಕೊಂಡರೆ ಮೊಮ್ಮಕ್ಕಳಿಗೆ ಅದರ ಬೆಲೆ ತಿಳಿಯುತ್ತದೆ. ಬರೀ ರೂಪಾಯಿ ಬರೆದರೆ ‘ಅಯ್ಯೋ ಇಷ್ಟೇನಾ’ ಅನ್ನುವುದಷ್ಟೇ ಆಗುತ್ತದೆ.

ಇನ್ನು ಕೆಲಸ. ‘ಡ್ಯಾಮಿನಲ್ಲಿ ಕೆಲಸ ಮಾಡಿದ್ದರು’ ಅಂತ ಒಂದು ಸಾಲು ಬರೆದು ಬಿಡಬೇಡಿ. ತುಂಗಭದ್ರಾ ಡ್ಯಾಮನ್ನು ಎರಡು ಸರ್ಕಾರಗಳು ಕಟ್ಟಿದವು: ಹೊಸಪೇಟೆ ಕಡೆಯ ಬಲದಂಡೆ ಮದ್ರಾಸಿನದು, ಮುನಿರಾಬಾದ್ ಕಡೆಯ ಎಡದಂಡೆ ಹೈದರಾಬಾದಿನದು. ಯಾವ ದಂಡೆ, ಕಲ್ಲು ಒಡೆದರೋ, ಹೊತ್ತರೋ, ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಅರೆದರೋ, ಕಟ್ಟಿದರೋ? ಸುಣ್ಣ ಸುರ್ಕಿಯ ಗಾರೆಯಲ್ಲಿ ಕಲ್ಲು ಕೂರಿಸಿ ಎಬ್ಬಿಸಿದ ಕಟ್ಟಡ ಅದು, ಹಾಗಾಗಿ ಒಂದೊಂದು ಕೆಲಸದ ಕೈಗಳೇ ಬೇರೆ. ನಾರಾಯಣದೇವರಕೆರೆಯಂಥ ಊರುಗಳೇ ನೀರಿನಡಿ ಹೋದವು. ಕೆಲವರ ಪಾಲಿಗೆ ಆ ಡ್ಯಾಮು ಕೂಲಿಯೂ ಹೌದು, ಮನೆ ಕಳೆದದ್ದೂ ಹೌದು. ಹಟ್ಟಿಯ ಚಿನ್ನದ ಗಣಿಯಾದರೆ ಯಾವ ಶಾಫ್ಟು, ಎಷ್ಟನೇ ಲೆವೆಲ್ಲು, ಯಾವ ಪಾಳಿ, ಟೋಕನ್ ನಂಬರ್ ಎಷ್ಟು ಅಂತ ಕೇಳಿ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಶುರುವಾದ ಕಂಪನಿ ಅದು. ದೋಣಿಮಲೈ ಕಬ್ಬಿಣದ ಅದಿರಿನ ಗಣಿ ಶುರುವಾದದ್ದು 1977ರಲ್ಲಿ, ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ. ತಾತ ‘ಶುರುವಿಗೇ ಸೇರಿದೆ’ ಅಂದರೆ ವರ್ಷ ತಾನಾಗಿಯೇ ಸಿಕ್ಕಿತು. ಗಣಿಯಲ್ಲಿ ದುಡಿದವರ ಕೆಮ್ಮು ದಮ್ಮಿನ ಬಗ್ಗೆಯೂ ಬರೆಯಿರಿ. ಬೆಣಚುಕಲ್ಲಿನ ನುಣ್ಣನೆಯ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಪುಪ್ಪುಸ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ. ಅದನ್ನು ಟಿಬಿ ಅಂತ ತಿಳಿದು ಔಷಧ ಕೊಟ್ಟದ್ದು ಎಷ್ಟೋ ಕಡೆ ಆಗಿದೆ. ಅದೂ ಅವರ ದುಡಿಮೆಯ ಲೆಕ್ಕವೇ.

ಒಕ್ಕಲುತನ ಮಾಡಿದವರದ್ದು ಬರೆಯುವುದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ‘ರೈತ’ ಅಂದರೆ ಸಾಕು ಅಂತ ಎಲ್ಲರೂ ತಿಳಿಯುತ್ತಾರೆ. ಎರೆ (ಕಪ್ಪು ಮಣ್ಣಿನ) ಹೊಲವೋ ಮಸಾರಿ (ಕೆಂಪು ಮಣ್ಣಿನ) ಹೊಲವೋ, ಎಷ್ಟು ತಾಳಿನ ಕೂರಿಗೆ ಹೂಡುತ್ತಿದ್ದರು, ಹಿಂಗಾರಿ ಬಿಳಿಜೋಳವನ್ನು ಯಾವ ಮಳೆಗೆ ಬಿತ್ತುತ್ತಿದ್ದರು, ಎತ್ತುಗಳ ಹೆಸರೇನು? ಎತ್ತಿನ ಹೆಸರು ಕೇಳಿದಾಗ ಮುಖ ಅರಳದ ಒಕ್ಕಲುತನದ ತಾತ ಅಪರೂಪ.

ಆ ಕಾಲದ ಜಾಣತನ ಎಂಥದು ಅನ್ನುವುದಕ್ಕೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ ನೋಡಿ. ಗಟ್ಟಿ ನೆಲದಲ್ಲಿ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಹೊಟ್ಟೆ ಅಗಲ. ತಳಕ್ಕೂ ಸುತ್ತಲೂ ಜೋಳದ ದಂಟು, ಹೊಟ್ಟು ಒತ್ತಿ ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತಿಬಿಡುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಪ್ರಾಣವಾಯು ತೀರುತ್ತದೆ, ಹುಳ ಸಾಯುತ್ತದೆ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಹುಳ ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ತೆಗೆದ ಕೂಡಲೇ ಇಳಿದವನು ಕೂಗುವುದಕ್ಕೂ ಆಗದೆ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಹಾಗಾಗಿ ಬಂಡೆ ಸರಿಸಿ ತಾಸುಗಟ್ಟಲೆ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಲ್ಲುತ್ತಿದ್ದರು, ಯಾಕೆಂದರೆ ದೀಪದ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. ಗೋಡೆಗೆ ತಾಗಿದ ಕಾಳು ಪಸೆ ಹಿಡಿದು ಕಪ್ಪಾಗುತ್ತಿತ್ತು, ಅದನ್ನು ಬೇರೆ ತೆಗೆದು ದನಕ್ಕೆ ಹಾಕುತ್ತಿದ್ದರು. ನಿಮ್ಮ ಮನೆಯ ಹಗೇವು ಎಲ್ಲಿತ್ತು, ಎಷ್ಟು ಚೀಲ ಹಿಡಿಯುತ್ತಿತ್ತು, ಯಾರು ಇಳಿಯುತ್ತಿದ್ದರು? ಇದನ್ನು ತಿಳಿದವರು ಊರಿಗೆ ನಾಲ್ಕೈದು ಜನ ಉಳಿದಿದ್ದರೆ ಹೆಚ್ಚು.

ಈಗ ಆಟದ ವಿಷಯ. ಮೊಮ್ಮಕ್ಕಳು ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ಕೈಬಿಡುವುದು ಇದನ್ನೇ, ನನಗೆ ಅತಿ ಪ್ರೀತಿಯದ್ದೂ ಇದೇ. ತಾತ ಕುಸ್ತಿ ಆಡಿದ್ದರೋ ಇಲ್ಲವೋ ಅನುಮಾನವಿದ್ದರೆ ಫೋಟೊದಲ್ಲಿ ಕಿವಿ ನೋಡಿ. ಗರಡಿಯಲ್ಲಿ ವರ್ಷಗಟ್ಟಲೆ ತಲೆಗೆ ತಲೆ ಉಜ್ಜಿದರೆ ಕಿವಿಯ ಮೃದು ಎಲುಬಿಗೂ ಚರ್ಮಕ್ಕೂ ನಡುವೆ ರಕ್ತ ಕಟ್ಟುತ್ತದೆ. ಅದನ್ನು ಬೇಗ ತೆಗೆಯದಿದ್ದರೆ ಎಲುಬಿಗೆ ಪೋಷಣೆ ನಿಂತು, ಒಳಗೆ ಹೊಸ ಗಂಟು ಬೆಳೆದು, ಕಿವಿ ಮುದುಡಿ ಗಟ್ಟಿಯಾಗುತ್ತದೆ. ಹಳೆಯ ಪೈಲ್ವಾನರು ಅದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ರುಮಾಲು ಸುತ್ತಿದರೂ ಆ ಕಿವಿ ಹೊರಗೇ.

ಕೇಳಬೇಕಾದದ್ದು ಹೀಗೆ: ‘ಮುತ್ಯಾ, ಯಾವ ಗರಡ್ಯಾಗ ಸಾಮು ಮಾಡ್ತಿದ್ರಿ? ವಸ್ತಾದರು ಯಾರು? ನಿಮ್ಮ ಜೋಡಿ ಯಾರು?’ ವಸ್ತಾದರು ಅಂದರೆ ಕುಸ್ತಿ ಕಲಿಸುವ ಗುರು, ಜೋಡಿ ಅಂದರೆ ಸರಿಸಮನಾಗಿ ಎದುರು ನಿಂತು ಆಡುವವನು. ಜೋಡಿಯ ಹೆಸರು ಸಿಕ್ಕಿತೆಂದರೆ ಇನ್ನೊಂದು ಊರು, ಇನ್ನೊಂದು ಮನೆ, ಇನ್ನೊಬ್ಬ ಸಾಕ್ಷಿ ಸಿಕ್ಕ ಹಾಗೆ. ಜಾತ್ರೆಯ ಕುಸ್ತಿಯಲ್ಲಿ ಸಣ್ಣ ಹುಡುಗರದ್ದು ಮೊದಲು ಕಾಯಿ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಕೊನೆಗೆ ದೊಡ್ಡವರದ್ದು ಕಡಗದ ಕುಸ್ತಿ, ಗೆದ್ದವನಿಗೆ ಬೆಳ್ಳಿ ಕಡಗ, ತಲೆಗೆ ರುಮಾಲು. ‘ಕುಸ್ತಿ ಗೆದ್ದಿದ್ದರು’ ಅಂದರೆ ಕಾಯಿಯೋ ಕಡಗವೋ ಅಂತ ಬರೆಯಿರಿ. ಗೆಲುವು ಅಂದರೆ ಚಿತ್: ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗಬೇಕು. ಪಾಯಿಂಟಿನ ಲೆಕ್ಕ ಮ್ಯಾಟಿನ ಕುಸ್ತಿಯದ್ದು. ಯಾವ ಪಟ್ಟುಗಳಿಗೆ ಹೆಸರಾಗಿದ್ದರು ಅಂತಲೂ ಕೇಳಿ: ಢಾಕ್, ಕಲಾಜಂಗ್, ಘಿಸ್ಸಾ, ಟಾಂಗ್. ಕೈಯಿಂದ ತೋರಿಸು ಅಂದರೆ ತೊಂಬತ್ತರ ತಾತನ ಮುಂಗೈ ಇನ್ನೂ ಆ ತಿರುವು ನೆನಪಿಟ್ಟಿರುತ್ತದೆ. ಅದನ್ನು ಮಾತ್ರ ವಿಡಿಯೊ ಮಾಡಿ.

ಗರಡಿಯ ಮಣ್ಣಿನ ಬಗ್ಗೆ ಅವರನ್ನು ಮಾತಾಡಿಸಿ. ಕೆಮ್ಮಣ್ಣನ್ನು ಸಾಣಿಸಿ, ಹರಳು ತೆಗೆದು, ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಶಿಣ, ನಿಂಬೆಹಣ್ಣು, ಕರ್ಪೂರ ಬೆರೆಸಿ ತುಳಿದು ಹದ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಸಲಿಕೆ ಹಿಡಿದು ಅಗೆದು ಸಡಿಲ ಮಾಡುವುದೇ ಮೊದಲ ಸಾಮು. ಒಣಗಿದರೆ ದೂಳೆದ್ದು ಕಣ್ಣು ಮೂಗಿಗೆ ಹೋಗುತ್ತದೆ, ನೀರು ಹೆಚ್ಚಾದರೆ ಮೈಗೆ ಅಂಟಿ ಪಟ್ಟು ಸಿಗುವುದಿಲ್ಲ, ಅಗೆಯದೆ ಬಿಟ್ಟರೆ ನೆಲ ಗಟ್ಟಿಯಾಗಿ ಬಿದ್ದವನ ಹೆಗಲು ಹೋಗುತ್ತದೆ. ಒಂದು ಹರಳು ಉಳಿದರೂ ಚರ್ಮ ಸೀಳಿ ಕೀವಾಗುತ್ತದೆ. ತೋರಣಗಲ್ಲಿನ ಹತ್ತಿರ 2018ರಲ್ಲಿ ಶುರುವಾದ ದೊಡ್ಡ ಕ್ರೀಡಾ ಸಂಸ್ಥೆಯಲ್ಲಿ ಇವತ್ತು ಮ್ಯಾಟಿನ ಮೇಲೆ ಹುಡುಗರು, ಹುಡುಗಿಯರು ಕುಸ್ತಿ ಕಲಿಯುತ್ತಿದ್ದಾರೆ, ಸಂತೋಷ. ಅದೇ ಜಿಲ್ಲೆಯ ಗರಡಿಗಳ ಮಣ್ಣಿನ ಹದ ಬಲ್ಲವರ ಮಾತನ್ನು ಯಾರೂ ಬರೆದುಕೊಳ್ಳುತ್ತಿಲ್ಲ ಅನ್ನುವುದು ನನ್ನ ಸಂಕಟ.

ಕಲ್ಲು ಎತ್ತಿದವರ ವಿಷಯದಲ್ಲಿ ಉತ್ಪ್ರೇಕ್ಷೆ ಬಹಳ. ‘ಮೂರು ಕ್ವಿಂಟಲ್ ಗುಂಡು ಎತ್ತುತ್ತಿದ್ದರು’ ಅಂತ ಬರೆಯುವ ಮೊದಲು ಹನುಮಪ್ಪನ ಗುಡಿ ಮುಂದೆ ಆ ಗುಂಡು ಇನ್ನೂ ಇದೆಯಾ ನೋಡಿ. ಬಹಳ ಊರುಗಳಲ್ಲಿ ಇದೆ. ಪೂಜಾರಿಯವರನ್ನು ಕೇಳಿ, ಚಪ್ಪಲಿ ಬಿಟ್ಟು, ದರ್ಜಿಯ ಟೇಪಿನಿಂದ ಸುತ್ತಳತೆ ತೆಗೆಯಿರಿ, ಮೂರು ದಿಕ್ಕಿನಿಂದ ತೆಗೆದು ಸರಾಸರಿ ಹಿಡಿಯಿರಿ. ನಮ್ಮ ಕಡೆಯ ಗ್ರಾನೈಟಾದರೆ ಸುತ್ತಳತೆಯ ಸೆಂಟಿಮೀಟರನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಅದೇ ಸುತ್ತಳತೆಯಿಂದ ಗುಣಿಸಿ, 22,350ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಕೆಜಿ ಸಿಗುತ್ತದೆ. 100 ಸೆಂ.ಮೀ. ಸುತ್ತಳತೆಗೆ ಸುಮಾರು 45 ಕೆಜಿ, 120ಕ್ಕೆ 77, 150ಕ್ಕೆ 151. ಸುತ್ತಳತೆ ಒಂದೂವರೆ ಪಟ್ಟಾದರೆ ಭಾರ ಮೂರು ಪಟ್ಟಿಗೂ ಮೇಲೆ ಹೋಗುತ್ತದೆ, ಕಣ್ಣಂದಾಜು ಮೋಸ ಮಾಡುವುದು ಇಲ್ಲೇ. ಹಿಡಿಕೆ ಕೊರೆದ ಸಂಗ್ರಾಣಿ ಕಲ್ಲಿಗೆ ಈ ಲೆಕ್ಕ ನಡೆಯುವುದಿಲ್ಲ, ಅದನ್ನು ತೂಕದ ಯಂತ್ರಕ್ಕೇ ಒಯ್ಯಬೇಕು. ಎಲ್ಲಿಯ ತನಕ ಎತ್ತಿದರು ಅನ್ನುವುದೂ ಮುಖ್ಯ: ಮೊಣಕಾಲಿನ ತನಕವೋ, ಎದೆಗೋ, ಹೆಗಲ ಮೇಲಿಂದ ಹಿಂದಕ್ಕೆ ಒಗೆದರೋ. ಎಣ್ಣೆ ಹೀರಿ ನುಣುಪಾದ 77 ಕೆಜಿ ಗುಂಡನ್ನು ಹಿಡಿಕೆ ಇಲ್ಲದೆ ಹೆಗಲಿಗೇರಿಸುವುದು ದೊಡ್ಡ ಸಾಧನೆಯೇ. ಅದಕ್ಕೆ ಸುಳ್ಳು ಸೇರಿಸುವ ಅಗತ್ಯವಿಲ್ಲ. ರಾಯಚೂರಿನ ಕಾರಹುಣ್ಣಿಮೆಯ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸಿದವರಾದರೆ ಎಷ್ಟು ಟನ್ನಿನ ಕಲ್ಲು, ಎಷ್ಟು ದೂರ, ಎತ್ತಿಗೆ ಏನು ತಿನ್ನಿಸುತ್ತಿದ್ದರು ಅಂತ ಬರೆದುಕೊಳ್ಳಿ.

ಕಬಡ್ಡಿ ಆಡಿದವರಿಗೆ ಮೂವತ್ತು ಸೆಕೆಂಡಿನ ರೈಡ್ ಗೊತ್ತಿರಲಿಲ್ಲ, ಉಸಿರೇ ಗಡಿಯಾರ. ಔಟಾದವನು ತನ್ನ ಕಡೆಯವರು ಒಬ್ಬನನ್ನು ಹೊಡೆದಾಗ ಮತ್ತೆ ಒಳಗೆ ಬರುತ್ತಿದ್ದನೋ, ಇಡೀ ತಂಡ ಔಟಾಗುವ ತನಕ ಹೊರಗೆ ಕೂರಬೇಕಿತ್ತೋ, ಔಟಾದರೂ ಆಡುತ್ತಲೇ ಇದ್ದನೋ ಅಂತ ಕೇಳಿ. ಸಂಜೀವನಿ, ಗಾಮಿನಿ, ಅಮರ್ ಅನ್ನುವ ಮೂರು ಬಗೆಯಲ್ಲಿ ಯಾವುದು ಅಂತ ತಿಳಿಯುತ್ತದೆ. ವಾಲಿಬಾಲ್ ಕಪ್ಪಿನ ಜೊತೆ 15–12 ಅಂತ ಸ್ಕೋರು ಬರೆದ ಚೀಟಿ ಸಿಕ್ಕರೆ ಅದು ಬಹುಪಾಲು ಸರ್ವ್ ಮಾಡಿದವರಿಗಷ್ಟೇ ಪಾಯಿಂಟು ಸಿಗುತ್ತಿದ್ದ ಹಳೆಯ ನಿಯಮದ ಕಾಲದ್ದು. ಆಟ ಯಾವಾಗ, ಯಾಕೆ ಬಿಟ್ಟರು ಅನ್ನುವ ಪ್ರಶ್ನೆಯನ್ನು ತಪ್ಪಿಸಬೇಡಿ. ಮದುವೆ, ಮೊಣಕಾಲು, ಅಪ್ಪನ ಸಾವು, ಬರ. ತಾತನ ಬದುಕು ತಿರುಗಿದ ಜಾಗ ಬಹಳ ಸಲ ಅಲ್ಲಿಯೇ ಇರುತ್ತದೆ.

ಮನೆಯ ವಿಷಯದಲ್ಲಿ ಒಂದೇ ತಕರಾರು. ವಂಶವೃಕ್ಷ ಬರೆಯುವಾಗ ಗಂಡುಮಕ್ಕಳ ಕೊಂಬೆಯನ್ನಷ್ಟೇ ಬೆಳೆಸುತ್ತಾರೆ. ಹೆಣ್ಣುಮಕ್ಕಳು, ಸಣ್ಣವರಿದ್ದಾಗ ತೀರಿಕೊಂಡ ಕೂಸುಗಳು, ಅಜ್ಜಿಯ ತವರು, ಎಲ್ಲವೂ ಬರಬೇಕು. ಅಜ್ಜಿಯ ಹೆಸರೇ ಗೊತ್ತಿಲ್ಲದ ಮೊಮ್ಮಕ್ಕಳಿದ್ದಾರೆ. ಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟರೆ ಪೌತಿ ಖಾತೆಯ (ತೀರಿಕೊಂಡವರ ಆಸ್ತಿ ವಾರಸುದಾರರ ಹೆಸರಿಗೆ ಮಾಡಿಸುವ) ಹೊತ್ತಿಗೆ ಆಕ್ಷೇಪಣೆ ಬಂದು ಕೋರ್ಟಿನ ತನಕ ಹೋಗುತ್ತದೆ. ಮರಣ ನೋಂದಣಿ 21 ದಿನದೊಳಗೆ ಮಾಡಿಸಿ, ಅಲ್ಲಿ ಬರೆಸುವ ಹೆಸರು ಪಹಣಿ, ಆಧಾರ್ ಎರಡಕ್ಕೂ ಹೊಂದುತ್ತದಾ ಅಂತ ಅಲ್ಲೇ ನೋಡಿಕೊಳ್ಳಿ. ‘ಹನುಮಂತಪ್ಪ’ ಒಂದು ಕಡೆ, ‘ಹನುಮಪ್ಪ’ ಇನ್ನೊಂದು ಕಡೆ ಇದ್ದರೆ ಅಲೆದಾಟ ತಪ್ಪಿದ್ದಲ್ಲ.

ಮಾತು ರೆಕಾರ್ಡ್ ಮಾಡುವುದಾದರೆ ಬೆಳಿಗ್ಗೆ ನಾಷ್ಟಾ ಆದ ಮೇಲೆ ಕೂರಿ, ಅರ್ಧ ಮುಕ್ಕಾಲು ಗಂಟೆ ಸಾಕು. ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮೊಳದಷ್ಟು ದೂರದಲ್ಲಿ ಬಟ್ಟೆಯ ಮೇಲಿಡಿ. ಬರೀ ಟೇಬಲ್ಲಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಸಿಡಿಲಿನಂತೆ ಕೇಳುತ್ತದೆ. ಕಿವಿ ಮಂದವಿದ್ದವರ ಮುಂದೆ ಕಿರುಚಬೇಡಿ. ವಯಸ್ಸಾದಾಗ ಕಿವಿಗೆ ಮೊದಲು ಕೇಳದಾಗುವುದು ಕೀರಲು ದನಿ, ಹಾಗಾಗಿ ದನಿಯ ಶ್ರುತಿ ತಗ್ಗಿಸಿ ನಿಧಾನವಾಗಿ, ತುಟಿ ಕಾಣುವ ಹಾಗೆ ಎದುರು ಕೂತು ಮಾತಾಡಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ, ಮುಂದಿನ ಮಾತು ಆ ಮೌನದ ನಂತರವೇ ಬರುತ್ತದೆ. ಮಗ ಪಕ್ಕದಲ್ಲಿ ಕೂತು ‘ಹಂಗಲ್ಲಪ್ಪ, ಹಿಂಗ’ ಅಂತ ತಿದ್ದುತ್ತಿದ್ದರೆ ಆ ಮಗನನ್ನೇ ಚಹಾ ತರಲು ಕಳಿಸಿ.

ಹಳೆಯ ಫೋಟೊ ಗಾಜಿಗೆ ಅಂಟಿದ್ದರೆ ಕೀಳಬೇಡಿ. ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ ನೆರಳಿನಲ್ಲಿಟ್ಟು, ಫ್ಲ್ಯಾಷ್ ಇಲ್ಲದೆ, ಪ್ರತಿಬಿಂಬ ಬೀಳದ ಹಾಗೆ ತುಸು ಓರೆಯಿಂದ ತೆಗೆಯಿರಿ. ಲ್ಯಾಮಿನೇಷನ್ ಖಂಡಿತ ಬೇಡ, ಬಿಸಿ ಮತ್ತು ಅಂಟು ಸೇರಿ ಆಗುವ ಹಾನಿಯನ್ನು ಮತ್ತೆ ತೆಗೆಯಲು ಬರುವುದಿಲ್ಲ. ಹಿಂದುಗಡೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲು, ಅಂಚಿನಲ್ಲಿ. ಬಾಲ್‌ಪೆನ್ನು ಒತ್ತಿದ ಗೆರೆ ಮುಂದೆ ಮೂಡುತ್ತದೆ.

ಹಿರಿಯರು ಈಗಾಗಲೇ ಹೋಗಿದ್ದರೆ ತಿಥಿ ಕಾರ್ಯದ ದಿನ, ಮುಸ್ಲಿಮರ ಮನೆಯಾದರೆ ಜಿಯಾರತ್‌ನ ದಿನ ಬರುವ ನೆಂಟರನ್ನು ಬಿಡಬೇಡಿ. ತಾತನ ತಂಗಿ, ಗರಡಿಯ ಜೋಡಿ, ಪಾಳಿಯ ಜೊತೆಗಾರ, ಹೊಲದ ಬದುವಿನ ಆಚೆಯವರು, ಎಲ್ಲರೂ ಒಂದೇ ಚಪ್ಪರದಡಿ ಸೇರುವುದು ಮತ್ತೆ ಯಾವಾಗಲೋ. ಮನೆಯ ಒಬ್ಬ ಹುಡುಗಿಗೋ ಹುಡುಗನಿಗೋ ಅಡುಗೆ ಬಡಿಸುವ ಕೆಲಸ ತಪ್ಪಿಸಿ, ನೋಟ್‌ಬುಕ್ಕು ಕೊಟ್ಟು ಅವರ ಪಕ್ಕ ಕೂರಿಸಿ. ಹಳೆಯ ಗ್ರೂಪ್ ಫೋಟೊಗಳನ್ನು ಅವತ್ತೇ ಹೊರತೆಗೆದು ಎಡದಿಂದ ಬಲಕ್ಕೆ ಹೆಸರು ಬರೆಸಿಕೊಳ್ಳಿ. ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ, ಹೇಳಿದವರ ಹೆಸರಿನ ಸಮೇತ ಬರೆಯಿರಿ. ಬರೆದದ್ದನ್ನು ಫೇಸ್‌ಬುಕ್ಕಿಗೆ ಹಾಕುವ ಮೊದಲು ಅವರಲ್ಲಿ ಒಬ್ಬರಿಗಾದರೂ ಗಟ್ಟಿಯಾಗಿ ಓದಿ ಹೇಳಿ, ಅವರು ತಿದ್ದಿದ್ದನ್ನು ಸೇರಿಸಿ, ಒಂದು ಪ್ರಿಂಟ್ ತೆಗೆಸಿ ಅವರ ಮನೆಗೂ ಕೊಟ್ಟು ಬನ್ನಿ.